ಬರುವುದಕ್ಕೆ ಮೈನಸ್ಸು

ರೇಡಿಯೋ ಟೆಲಿಸ್ಕೋಪ್ ಕೇಂದ್ರ, ಪಶ್ಚಿಮ ಆಸ್ಟ್ರೇಲಿಯಾ
೧೮ ಆಗಸ್ಟ್ ೨೦೨೪, ಭಾನುವಾರ

ಏನ್ರೀ,

ನಾನು ಚೆನ್ನಾಗಿದ್ದೇನೆ. ನೀವು ಹೇಗಿದ್ದೀರಿ ಅಂತ ಕೇಳಿದರೆ ‘ನನಗೇನಾಗಿದೆ’ ಅಂತ ಬರೆಯುತ್ತೀರಿ, ಅದಕ್ಕೆ ಕೇಳುವುದಿಲ್ಲ. ಊಟದ ವಿಷಯ ಮಾತ್ರ ಕೇಳುತ್ತೇನೆ. ಮಧ್ಯಾಹ್ನ ಡಿಪೋ ಕ್ಯಾಂಟೀನಿನಲ್ಲಿ ಸರಿಯಾಗಿ ಉಣ್ಣುತ್ತೀರೋ, ಬೆಟ್ಟದ ಮೇಲೆ ಬಸ್ಸು ನಿಲ್ಲಿಸಿ ಒಂದು ಪೊಟ್ಟಣ ಚುರುಮುರಿ ತಿಂದು ಸುಮ್ಮನಾಗುತ್ತೀರೋ?

ಹೋದ ಪತ್ರದಲ್ಲಿ ‘ಒಂದೂವರೆ ವರ್ಷದಿಂದ ಅಲ್ಲಿ ಕೂತು ಏನು ಕಡಿದು ಕಟ್ಟೆ ಹಾಕ್ತಿದ್ದೀಯ’ ಅಂತ ಕೇಳಿದ್ದಿರಿ. ಡಿಪ್ಲೊಮಾ ಸರ್ಟಿಫಿಕೇಟ್ ಹಿಡಿದುಕೊಂಡು ಇಷ್ಟು ದೂರ ಬಂದ ಹೆಂಡತಿ ಏನು ಮಾಡುತ್ತಾಳೆ ಅಂತ ನೀವು ಎದುರು ಮನೆ ಅಂಬುಜಮ್ಮನವರಿಗೆ ಹೇಳಬೇಕಲ್ಲ, ಅದಕ್ಕೆ ಬಿಡಿಸಿ ಬರೆಯುತ್ತೇನೆ. ಶುಕ್ರಗ್ರಹದ ಹತ್ತಿರ ಹೋಗಿದ್ದ ಒಂದು ಸಣ್ಣ ನೌಕೆ ಈಗ ಸೂರ್ಯನನ್ನು ಸುತ್ತುತ್ತಾ ಇದೆ. ಅದರ ಕೆಲಸ ಮುಗಿದುಹೋಯಿತು. ಕ್ಯಾಮೆರಾ ಕೆಟ್ಟಿದೆ, ಇಲ್ಲಿಂದ ಏನು ಹೇಳಿದರೂ ಕೇಳುವುದಿಲ್ಲ. ಒಂದು ಸ್ವರ ಮಾತ್ರ ಬಿಡದೆ ಕಳಿಸುತ್ತಿದೆ, ಅದೂ ಕಿವಿಗೆ ಕೇಳುವಂಥದ್ದಲ್ಲ, ನಮಗೆ ಅದು ತೆರೆಯ ಮೇಲಿನ ಒಂದು ಗೆರೆ. ನೌಕೆ ನಮ್ಮ ಕಡೆ ಬರುತ್ತಿದ್ದರೆ ಸ್ವರ ಕೂದಲೆಳೆಯಷ್ಟು ಏರುತ್ತದೆ, ದೂರ ಹೋಗುತ್ತಿದ್ದರೆ ಇಳಿಯುತ್ತದೆ. ಇದಕ್ಕೆ ಡಾಪ್ಲರ್ ಅಂತಾರೆ. ಎಷ್ಟು ಏರಿತು ಎಷ್ಟು ಇಳಿಯಿತು ಅಂತ ಅಳೆದರೆ ಕೋಟಿಗಟ್ಟಲೆ ಕಿಲೋಮೀಟರ್ ಆಚೆ ಇರುವ ಆ ನೌಕೆ ಎಷ್ಟು ವೇಗದಲ್ಲಿದೆ ಅಂತ ಗೊತ್ತಾಗುತ್ತದೆ. ಇರುವೆ ನಡಿಗೆಯಷ್ಟು ಹೆಚ್ಚುಕಮ್ಮಿಯಾದರೂ ಸಿಕ್ಕಿಬೀಳುತ್ತದೆ. ಬೆಳಿಗ್ಗೆಯಿಂದ ಸಂಜೆವರೆಗೆ ಆ ಗೆರೆ ನೋಡುತ್ತಾ ಕೂರುವುದು ನನ್ನ ಕೆಲಸ.

ಇಲ್ಲಿ ಒಂದು ಮೊಬೈಲ್ ಆನ್ ಮಾಡಿದರೂ ಆ ಸ್ವರ ಮುಳುಗಿಹೋಗುತ್ತದೆ. ಅದಕ್ಕೇ ಫೋನಿಲ್ಲ, ವೈಫೈ ಇಲ್ಲ, ಪೇಟೆ ನಾನೂರು ಕಿಲೋಮೀಟರ್ ದೂರ. ಆಫೀಸಿನ ಮೇಲ್ ಇದೆ, ಆದರೆ ಅದು ಶಿಫ್ಟಿನವರಿಗೆಲ್ಲ ಸೇರಿ ಒಂದೇ. ನಮ್ಮ ಮನೆ ಮಾತು ಅಲ್ಲಿ ಬರೆಯಲು ನನಗೆ ಇಷ್ಟವಿಲ್ಲ. ಈಗ ಊಟದ ಹಾಲ್‌ನಲ್ಲಿ ಒಂದು ತಂತಿಯ ಫೋನ್ ಹಾಕಿದ್ದಾರೆ. ಭಾನುವಾರ ತಲೆಗೆ ಹತ್ತು ನಿಮಿಷ. ನಿಮ್ಮ ಮಧ್ಯಾಹ್ನ ಒಂದೂವರೆಗೆ ಮಾಡಲೇ?

ಇನ್ನೊಂದು ವಿಷಯ. ಫೆಬ್ರವರಿ ಹದಿನೈದಕ್ಕೆ ನನ್ನ ಎರಡು ವರ್ಷ ಮುಗಿಯುತ್ತದೆ. ಇನ್ನೂ ಮೂರು ವರ್ಷ ಇರುತ್ತೀಯಾ ಅಂತ ಕೇಳಿದ್ದಾರೆ. ನವೆಂಬರ್ ಕೊನೆಯೊಳಗೆ ಹೇಳಬೇಕು. ನೀವೇನಂತೀರಿ? ತಮಾಷೆ ಮಾಡದೆ ಬರೆಯಿರಿ.

ನಿಮ್ಮ
ಸಂಘಮಿತ್ರ



ನಜರ್‌ಬಾದ್, ಮೈಸೂರು
೧೨ ಸೆಪ್ಟೆಂಬರ್ ೨೦೨೪

ಸಂಘಾ,

ನಿನ್ನ ಪತ್ರ ಮೂರು ವಾರ ಎಲ್ಲೆಲ್ಲಿ ಸುತ್ತಿತೋ, ನಿನ್ನೆ ಬಂತು. ಪೋಸ್ಟ್‌ಮ್ಯಾನ್ ಮಂಟಯ್ಯ ಕೊಟ್ಟು ಹೋಗಲಿಲ್ಲ, ಸ್ಟಾಂಪು ಕಿತ್ತುಕೊಡಿ ಅಂತ ಬಾಗಿಲಲ್ಲೇ ನಿಂತಿದ್ದ. ಕಾಂಗರೂ ಇರೋ ಸ್ಟಾಂಪು ಅವನ ಮೊಮ್ಮಗಳಿಗೆ ಬೇಕಂತೆ. ಮುಂದಿನ ಸಲ ಬೇರೆ ಪ್ರಾಣಿದು ಹಾಕು.

ಊಟದ ವಿಷಯ: ಕ್ಯಾಂಟೀನಿನಲ್ಲಿ ಮುದ್ದೆ ಇದ್ದ ದಿನ ಕ್ಯಾಂಟೀನು, ಇಲ್ಲದ ದಿನ ಚುರುಮುರಿ. ನಿಜ ಬರೆದಿದ್ದೀನಿ, ಬೈಯಬೇಡ.

ಡಾಪ್ಲರು ಅನ್ನೋ ಹೆಸರು ನನಗೆ ಗೊತ್ತಿರಲಿಲ್ಲ, ವಿಷಯ ಗೊತ್ತಿತ್ತು. ಬೆಟ್ಟದ ರಸ್ತೆ ತಿರುವಿನಲ್ಲಿ ಮರೆಯಾಗಿರೋ ಗಾಡಿ ಹತ್ತಿರ ಬರ್ತಿದೆಯೋ ದೂರ ಹೋಗ್ತಿದೆಯೋ ಅಂತ ಹಾರನ್ನಿನಲ್ಲೇ ಹೇಳಿಬಿಡ್ತಿದ್ದೆ. ಬರೋ ಹಾರನ್ನು ಕೀರಲು, ದಾಟಿದ ಮೇಲೆ ದಪ್ಪ. ಅಂದರೆ ಇಪ್ಪತ್ತೆರಡು ವರ್ಷ ಸ್ಟೇರಿಂಗ್ ಹಿಡಿದು ನಿನ್ನ ಕೆಲಸಾನೇ ಮಾಡಿದ್ದೀನಿ. ಆಸ್ಟ್ರೇಲಿಯಾದವರಿಗೆ ಹೇಳು, ಮೈಸೂರಿನಲ್ಲಿ ಇನ್ನೊಬ್ಬ ಇದ್ದಾನೆ ಅಂತ.

ಅಂಬುಜಮ್ಮನೋರಿಗೆ ನಿನ್ನ ಕೆಲಸ ವಿವರಿಸಿದೆ. ‘ಕೆಟ್ಟೋಗಿರೋದನ್ನ ಯಾಕಪ್ಪ ಅಷ್ಟೊಂದು ನೋಡ್ತಾರೆ’ ಅಂದರು.

ಫೋನು ಬೇಡ ಬಿಡು. ಭಾನುವಾರ ಬೆಟ್ಟಕ್ಕೆ ಜನ ಜಾಸ್ತಿ, ಆ ಗಲಾಟೆಯಲ್ಲಿ ಏನು ಮಾತಾಡೋದು? ಪತ್ರವೇ ಚೆನ್ನ. ಬೇಕಾದಾಗ ತೆಗೆದು ಓದಬಹುದು.

ಮೂರು ವರ್ಷದ ವಿಷಯ ನಿನ್ನಿಷ್ಟ. ನಿನ್ನ ಕೆಲಸ ನಿನಗೆ ಗೊತ್ತು.

ನಿನ್ನ
ಸ್ವಾಮಿ



ಕೇಂದ್ರದಿಂದ
೬ ಅಕ್ಟೋಬರ್ ೨೦೨೪, ಭಾನುವಾರ

ಏನ್ರೀ,

ಬೇಡ ಅಂದಿದ್ದಿರಿ. ಆದರೂ ಹೋದ ಭಾನುವಾರ ಮಾಡಿದೆ, ಇವತ್ತೂ ಮಾಡಿದೆ. ರಿಂಗಾಗಿ ರಿಂಗಾಗಿ ನಿಂತುಹೋಯಿತು. ನನ್ನ ಹಿಂದೆ ಸಾಲಿನಲ್ಲಿದ್ದವರು ‘ಯಾರೂ ಇಲ್ಲವೇ ಮನೆಯಲ್ಲಿ’ ಅಂತ ಕೇಳಿದರು. ಇದ್ದಾರೆ ಅಂದೆ.

ಹೋದ ತಿಂಗಳು ಆರು ದಿನ ನೌಕೆ ಕಳೆದುಹೋಗಿತ್ತು. ಕಳೆದವಳು ನಾನೇ. ಪ್ರತಿದಿನ ಸ್ವರ ಎಲ್ಲಿ ಸಿಗಬೇಕು ಅಂತ ಮೊದಲೇ ಲೆಕ್ಕ ಹಾಕಿಕೊಂಡಿರುತ್ತೇವೆ, ನಿಜವಾಗಿ ಎಲ್ಲಿ ಸಿಕ್ಕಿತು ಅಂತ ನೋಡಿ ವ್ಯತ್ಯಾಸ ಬರೆಯಬೇಕು. ಮೈಸೂರಿನಲ್ಲಿ ನಾನು ಕಲಿತದ್ದು, ಸ್ವರ ಏರಿದರೆ ಪ್ಲಸ್ಸು. ಇಲ್ಲಿಯವರು ದೂರದ ಲೆಕ್ಕ ಇಡುತ್ತಾರೆ. ನೌಕೆ ಹತ್ತಿರ ಬಂದರೆ ದೂರ ಕಮ್ಮಿಯಾಗುತ್ತದಲ್ಲ, ಅದಕ್ಕೆ ಬರುವುದಕ್ಕೆ ಮೈನಸ್ಸು, ಹೋಗುವುದಕ್ಕೆ ಪ್ಲಸ್ಸು. ಇಷ್ಟು ದಿನ ಸರಿಯಾಗಿ ಬರೆದವಳು ಅವತ್ತು ಹಳೇ ಅಭ್ಯಾಸಬಲದಲ್ಲಿ ತಿರುಗಾಮುರುಗಾ ಬರೆದುಬಿಟ್ಟೆ. ಮಾರನೇ ದಿನ ಎಲ್ಲರೂ ಅದು ಇಲ್ಲದ ಕಡೆ ಹುಡುಕಿದರು. ಆರನೇ ದಿನ ಒಬ್ಬರು ಲೆಕ್ಕದ ಪುಸ್ತಕ ತೆಗೆದು ನೋಡಿ, ತಿದ್ದಲು ನನ್ನ ಕೈಗೆ ಪೆನ್ಸಿಲ್ ಕೊಟ್ಟರು. ಬೈದಿದ್ದರೆ ವಾಸಿಯಿತ್ತು.

ಇನ್ನೊಂದು ತಮಾಷೆ. ನೌಕೆ ಅಡ್ಡಡ್ಡ ಹೋದರೆ ಡಾಪ್ಲರಿಗೆ ಗೊತ್ತೇ ಆಗುವುದಿಲ್ಲ. ಬರುವುದೂ ಇಲ್ಲ, ಹೋಗುವುದೂ ಇಲ್ಲ, ಸ್ವರ ಇದ್ದಲ್ಲೇ ಇರುತ್ತದೆ. ನಿಮ್ಮ ಪತ್ರಗಳು ಈಚೆಗೆ ಹಾಗೇ ಆಗಿವೆ.

ನಿನ್ನಿಷ್ಟ ಅಂದರೆ ಏನು? ಒಬ್ಬಳೇ ಕೂತು ಆ ಒಂದು ಮಾತನ್ನು ಎಷ್ಟು ಸಲ ಓದಿದ್ದೇನೆ ಗೊತ್ತೇ? ಇಲ್ಲಿ ನಿಮ್ಮನ್ನು ಬಲ್ಲವಳು ನಾನೊಬ್ಬಳೇ, ಯಾರನ್ನು ಕೇಳಲಿ? ಬಾ ಅನ್ನಿ, ಇಲ್ಲ ಇರು ಅನ್ನಿ.

ಸಂಘಮಿತ್ರ



ನಜರ್‌ಬಾದ್
೨೭ ಅಕ್ಟೋಬರ್ ೨೦೨೪, ಭಾನುವಾರ

ಸಂಘಾ,

ಇವತ್ತು ನಿಜ ಬರೆಯೋಣ ಅಂತ ಕೂತಿದ್ದೀನಿ. ನೀನು ಫೋನ್ ಮಾಡಿದಾಗ ಎರಡು ಸಲವೂ ಫೋನು ನನ್ನ ಕೈಯಲ್ಲೇ ಇತ್ತು. ಅಂಗೈಯಲ್ಲಿ ಇಟ್ಟುಕೊಂಡು ಅದು ನಡುಗಿ ನಡುಗಿ ನಿಲ್ಲೋವರೆಗೂ ನೋಡಿದೆ.

ನನ್ನ ಎಡಗಿವಿ ಹೋಗಿ ವರ್ಷವಾಯ್ತು. ಬಲಗಿವಿಯಲ್ಲಿ ಸ್ವಲ್ಪ ಉಳಿದಿದೆ. ಎದುರಿಗೆ ನಿಂತು ತುಟಿ ಕಾಣೋ ಹಾಗೆ ಮಾತಾಡಿದರೆ ತಿಳಿಯುತ್ತೆ, ಫೋನಿನಲ್ಲಿ ಬರೀ ಗೊರಗೊರ. ಇಪ್ಪತ್ತೆರಡು ವರ್ಷ ಎಂಜಿನ್ ಪಕ್ಕ ಕೂತದ್ದೂ ಕಾರಣ ಇರಬಹುದು ಅಂದರು ಡಾಕ್ಟರು. ದಸರಾ ವಾರ ಬೆಟ್ಟ ಇಳಿಸುವಾಗ ಹಿಂದಿನಿಂದ ಒಂದು ಕಾರು ಹಾರನ್ ಮಾಡಿಕೊಂಡೇ ಬಂದಿದೆ, ನನಗೆ ಕೇಳಿಸಲೇ ಇಲ್ಲ, ಬಲಕ್ಕೆ ಎಳೆದುಬಿಟ್ಟೆ. ಜನ ಕೂಗಿದ್ದು ಕನ್ನಡಿಯಲ್ಲಿ ಕಂಡು ಬ್ರೇಕ್ ಹಾಕಿದೆ. ಯಾರಿಗೂ ಏನೂ ಆಗಲಿಲ್ಲ. ಒಬ್ಬಮ್ಮನ ಬಾಳೆಹಣ್ಣಿನ ಬುಟ್ಟಿ ಉರುಳಿತು. ಬಸ್ಸು ಪಕ್ಕಕ್ಕೆ ಹಾಕಿ ಹಣ್ಣು ಆರಿಸಿಕೊಟ್ಟೆ ಕಣೇ. ನಾಳೆ ಮ್ಯಾನೇಜರ್ ಹತ್ತಿರ ಹೋಗಿ, ಇನ್ನು ನನಗೆ ಸ್ಟೇರಿಂಗ್ ಕೊಡಬೇಡಿ ಅಂತ ಹೇಳ್ತೀನಿ.

ಫೋನ್ ಎತ್ತಿ ನಿನ್ನ ಮಾತು ಕೇಳಿಸದೆ ಹೋದರೆ, ಅದೂ ಹೋಯ್ತು ಅಂತ ಗೊತ್ತಾಗಿಬಿಡುತ್ತೆ. ಎತ್ತದೆ ಇದ್ದರೆ ಕೇಳಿಸ್ತಿತ್ತೇನೋ ಅಂತ ಇರಬಹುದು.

ನೀನು ಬರಬೇಕು ಅಂತ ನನಗೆ ಎಷ್ಟು ಆಸೆ ಅಂದರೆ ಬರೆಯೋಕೆ ನಾಚಿಕೆಯಾಗುತ್ತೆ. ಆದರೆ ಬಾ ಅಂದರೆ ನೀನು ಎಲ್ಲ ಬಿಟ್ಟು ಬರ್ತೀಯ. ಕಿವುಡನಿಗೆ ಅನ್ನ ಬೇಯಿಸಿಹಾಕೋಕೆ ಬಂದೆ ಅಂತ ಒಂದು ದಿನ ನಿನಗೆ ಅನ್ನಿಸುತ್ತೆ. ಅವತ್ತು ನಾನು ಎಲ್ಲಿಗೆ ಹೋಗಲಿ?

ಇಲ್ಲ, ಇದನ್ನ ಅಂಚೆಗೆ ಹಾಕಲ್ಲ. ಬೀರುವಿನಲ್ಲಿ ನಿನ್ನ ಸೀರೆಗಳ ಕೆಳಗೆ ಇಡ್ತೀನಿ.



ನಜರ್‌ಬಾದ್
೨೮ ಅಕ್ಟೋಬರ್ ೨೦೨೪

ಸಂಘಾ,

ದಸರಾ ಗಲಾಟೆಯಲ್ಲಿ ಫೋನ್ ನೋಡಲಿಲ್ಲ, ಬೇಜಾರು ಮಾಡ್ಕೋಬೇಡ. ಸೀರೆಗಳಿಗೆ ನುಸಿ ಗುಳಿಗೆ ಹಾಕಿಟ್ಟಿದ್ದೀನಿ. ಮಂಟಯ್ಯನಿಗೆ ಈ ಸಲದ ಸ್ಟಾಂಪು ಹಿಡಿಸಿತು. ನಾನು ಅರಾಮಾಗಿದ್ದೀನಿ.

ನಿನ್ನಿಷ್ಟ ಅಂದರೆ ನಿನ್ನಿಷ್ಟ ಅಂತಲೇ. ಅದರಲ್ಲಿ ಬೇರೆ ಏನೂ ಇಲ್ಲ. ನನ್ನ ನೋಡಿಕೊಂಡು ನೀನು ಏನನ್ನೂ ಬಿಡೋದು ಬೇಡ.

ಸ್ವಾಮಿ



ಕೇಂದ್ರದಿಂದ
೨೪ ನವೆಂಬರ್ ೨೦೨೪, ಭಾನುವಾರ

ಏನ್ರೀ,

ನಿಮ್ಮ ಪತ್ರ ಬಂತು. ಅರ್ಧ ಪುಟ.

ಇವತ್ತೂ ಫೋನಿನ ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂದಾಗ ಹಿಂದಿನವರಿಗೆ ಬಿಟ್ಟುಕೊಟ್ಟು ಬಂದೆ. ಎತ್ತದ ಫೋನಿನ ಮುಂದೆ ಎಷ್ಟು ದಿನ ನಿಲ್ಲಲಿ? ಇಲ್ಲಿ ಕೆಂಪು ಮಣ್ಣು, ಕುರುಚಲು ಗಿಡ, ಆಮೇಲೆ ಆಕಾಶ. ಒಂದು ಹಕ್ಕಿ ಕೂಗಿದರೆ ಅದಕ್ಕೆ ಉತ್ತರ ಕೊಡುವ ಇನ್ನೊಂದು ಹಕ್ಕಿ ಇರುವುದಿಲ್ಲ. ಮೊದಲು ಇದು ನನಗೆ ಕಷ್ಟವಾಗಿತ್ತು. ಈಗ ಒಗ್ಗಿದೆ.

ಎಲ್ಲ ಯೋಚನೆ ಮಾಡಿದೆ. ನಿನ್ನೆ ಕಾಗದಕ್ಕೆ ಸಹಿ ಹಾಕಿ ಕೊಟ್ಟೆ. ಇನ್ನು ನೀವು ನನಗೋಸ್ಕರ ಮಾತು ಹುಡುಕುತ್ತಾ ಕೂರಬೇಕಾಗಿಲ್ಲ, ನನಗೂ ಕಾಯುವ ಕೆಲಸವಿಲ್ಲ. ನಿಮ್ಮ ಮೇಲೆ ಸಿಟ್ಟಿಲ್ಲ. ಆರೋಗ್ಯ ನೋಡಿಕೊಳ್ಳಿ.

ಬರ್ತೀನಿ ರೀ.

ಸಂಘಮಿತ್ರ



ನಜರ್‌ಬಾದ್
೨೯ ಡಿಸೆಂಬರ್ ೨೦೨೪, ಭಾನುವಾರ

ನನ್ನ ಸಂಘಾ,

ಬರ್ತೀನಿ ರೀ ಅಂತ ಬರೆದಿದ್ದೀಯಲ್ಲ, ಆ ಸಾಲನ್ನ ಮಂಟಯ್ಯನಿಗೂ ತೋರಿಸಿದೆ. ‘ಬುಡಿ ಸ್ವಾಮಿಯೋರೇ, ಇನ್ನು ಸ್ಟಾಂಪು ಸಿಕ್ಕಲ್ಲ’ ಅಂತ ಅವನಿಗೆ ಬೇಜಾರು. ಅಂಬುಜಮ್ಮನೋರು ಒಬ್ಬಟ್ಟು ಮಾಡ್ತಾರಂತೆ, ಕಡಲೆಬೇಳೆದೋ ತೊಗರಿಬೇಳೆದೋ ಅಂತ ನಿನ್ನನ್ನೇ ಕೇಳಿ ಬರೆಸು ಅಂದರು. ಅಷ್ಟರಲ್ಲಿ ನೀನೇ ಬಂದಿರ್ತೀಯ ಅಂದೆ.

ಮನೆಗೆ ಬಣ್ಣ ಹೊಡೆಸಿದೆ. ಅಡುಗೆಮನೆಗೆ ಹಳದಿ ಹೊಡೆಸಿದೆ, ನೀನು ಬೈಯೋದು ಗ್ಯಾರಂಟಿ. ಹೊಡೆದವನು ಡಬ್ಬ ತೆರೆದ ಮೇಲೆ ನನಗೂ ಇದು ಯಾಕೋ ಜಾಸ್ತಿ ಹಳದಿ ಅನ್ನಿಸಿತು, ಸುಮ್ಮನಾದೆ. ಕಾಗದಕ್ಕೆ ಸಹಿ ಹಾಕಿ ಕೊಟ್ಟೆ ಅಂದೆಯಲ್ಲ, ಅವರು ಬಿಡಲ್ಲ ಅಂತ ತಕರಾರು ಮಾಡಲಿಲ್ಲವಾ? ಫೆಬ್ರವರಿ ಹದಿನೈದಕ್ಕೆ ಮುಗಿದರೆ ಹದಿನಾರಕ್ಕೆ, ಭಾನುವಾರ, ನೀನು ಇಲ್ಲಿರ್ತೀಯ. ಏರ್‌ಪೋರ್ಟ್ ಬಸ್ಸು ಎಷ್ಟು ಗಂಟೆದಾದರೂ ಹಿಡಿ, ನಾನು ಬೆಳಿಗ್ಗೆಯಿಂದ ಸ್ಟ್ಯಾಂಡಿನಲ್ಲೇ ಇರ್ತೀನಿ.

ನಿನಗೆ ಹೇಳಬೇಕಾದ ವಿಷಯ ಒಂದಿದೆ. ಎದುರಿಗೆ ಕೂತು ಹೇಳ್ತೀನಿ. ನೀನಾಗೇ ಬರ್ತಿದ್ದೀಯಲ್ಲ, ನಾನು ಕರೆಯದೆ, ಅದೇ ನನಗೆ ದೊಡ್ಡದು.

ನಿನ್ನ
ಸ್ವಾಮಿ



ಕೇಂದ್ರದಿಂದ
೯ ಫೆಬ್ರವರಿ ೨೦೨೫, ಭಾನುವಾರ

ಏನ್ರೀ,

ನಿಮ್ಮ ಡಿಸೆಂಬರಿನ ಪತ್ರ ಹೊಸವರ್ಷದ ರಜದಲ್ಲಿ ಎಲ್ಲೋ ಸಿಕ್ಕಿಕೊಂಡು ಮೊನ್ನೆ ಗುರುವಾರ ಬಂತು.

ನಾನು ಸಹಿ ಹಾಕಿದ್ದು ಮೂರು ವರ್ಷ ಇರುತ್ತೇನೆ ಅನ್ನುವ ಕಾಗದಕ್ಕೆ. ಬರ್ತೀನಿ ಅಂತ ಬರೆದದ್ದು, ಮನೆಯಿಂದ ಹೊರಡುವಾಗ ಹೊಸ್ತಿಲಲ್ಲಿ ಹೇಳುತ್ತೇವಲ್ಲ, ಆ ಬರ್ತೀನಿ. ಹೋಗ್ತೀನಿ ಅಂತ ಬರೆಯಲು ನನಗೆ ಕೈ ಬರಲಿಲ್ಲ. ಹೋಗುವವರು ಹೋಗ್ತೀನಿ ಅನ್ನಬಾರದು ಅಂತ ಅಮ್ಮ ಚಿಕ್ಕಂದಿನಿಂದ ಹೇಳಿಕೊಟ್ಟದ್ದು, ನಿಮ್ಮನ್ನು ಬಿಡುವಾಗಲೂ ಬಿಡಲಿಲ್ಲ.

ಇವತ್ತು ಫೋನಿನಲ್ಲಿ ಅದನ್ನೇ ಹೇಳಲು ನಿಂತೆ. ಈ ಸಲ ನೀವು ಎತ್ತಿದಿರಿ.

‘ಸಂಘಾನಾ?’ ಅಂದಿರಿ.

‘ಹ್ಞೂ ರೀ. ನಾನು ಬರ್ತಿಲ್ಲ ಕಣ್ರೀ. ನೀವು ತಪ್ಪು ತಿಳ್ಕೊಂಡ್ರಿ.’

‘ಟಿಕೆಟ್ ಆಯ್ತಾ? ಸರಿ ಸರಿ. ನಿಧಾನಕ್ಕೆ ಬಂದ್ಬುಡು.’

‘ರೀ, ನಾನು ಬರ್ತಿಲ್ಲ!’ ಅಂತ ಕೂಗಿದೆ. ಊಟದ ಹಾಲ್‌ನಲ್ಲಿ ಕೂತಿದ್ದವರೆಲ್ಲ ತಿರುಗಿ ನೋಡಿದರು.

‘ಸ್ಟ್ಯಾಂಡಲ್ಲೇ ಇರ್ತೀನಿ ಕಣೇ. ಚೀಲ ಜಾಸ್ತಿ ಇದ್ರೆ ಆಟೋ ಮಾಡ್ಕೊಂಡು ಹೋಗನ.’

ನನಗೆ ಏನೋ ಅನುಮಾನ ಬಂತು. ‘ರೀ, ನನ್ನ ಹೆಸರೇನು ಹೇಳಿ’ ಅಂದೆ.

‘ಹ್ಞೂ ಹ್ಞೂ, ಅಂಬುಜಮ್ಮನೋರೂ ಚೆನ್ನಾಗವ್ರೆ’ ಅಂದಿರಿ. ಆಮೇಲೆ ನೀವೇ ಇಟ್ಟುಬಿಟ್ಟಿರಿ.

ರೂಮಿಗೆ ಬಂದು ನಿಮ್ಮ ಪತ್ರಗಳನ್ನೆಲ್ಲ ಹಾಸಿಗೆ ಮೇಲೆ ಹರಡಿಕೊಂಡು ಮತ್ತೆ ಓದಿದೆ, ಪ್ಲಸ್ಸು ಮೈನಸ್ಸಿನ ಗುರುತು ತಿರುಗಿಸಿಕೊಂಡು. ಸೆಪ್ಟೆಂಬರಿನಲ್ಲೇ ‘ಹಾರನ್ನಿನಲ್ಲೇ ಹೇಳಿಬಿಡ್ತಿದ್ದೆ’ ಅಂತ ಬರೆದಿದ್ದೀರಿ. ಹೇಳ್ತೀನಿ ಅಂತಲ್ಲ. ಯಾವ ನೌಕೆಯ ಗೆರೆಯಲ್ಲಿ ಎಷ್ಟು ನಡುಕ ಬಂತು ಅಂತ ಹೇಳುವವಳಿಗೆ ಗಂಡನಿಗೆ ಕಿವಿ ಕೇಳಿಸುತ್ತಿಲ್ಲ ಅಂತ ಗೊತ್ತಾಗಲಿಲ್ಲ. ನನಗೆ ನಾಚಿಕೆಯಾಗಿದೆ. ನಿಮ್ಮ ಮೇಲೆ ಸಿಟ್ಟೂ ಬಂದಿದೆ, ತುಂಬ. ಹೇಳಿದ್ದರೆ ಏನಾಗುತ್ತಿತ್ತು?

ಬುಧವಾರ ಸಾಮಾನಿನ ವ್ಯಾನು ಪೇಟೆಗೆ ಹೋಗುತ್ತದೆ. ಅದರವನ ಕೈಯಲ್ಲಿ ನಿಮ್ಮ ಮೊಬೈಲಿಗೆ ಒಂದು ಮೆಸೇಜು ಹಾಕಿಸುತ್ತೇನೆ. ನೀವು ಹದಿನಾರಕ್ಕೆ ಸ್ಟ್ಯಾಂಡಿನಲ್ಲಿ ಸುಮ್ಮನೆ ನಿಲ್ಲಬಾರದು.

ಈಗ ಕೇಳಿ. ಮಾರ್ಚ್ ಮೂವತ್ತೊಂದರೊಳಗೆ ನಾನು ಬೇಡ ಅಂದರೆ ಇವರು ಬಿಟ್ಟುಕೊಡುತ್ತಾರೆ. ಅಯ್ಯೋ ಪಾಪ ಅಂತ ಬರುವವಳಲ್ಲ ನಾನು. ನೀವು ಕರೆದರೆ ಬರುತ್ತೇನೆ. ನಿನ್ನಿಷ್ಟ ಅಂತ ಇನ್ನೊಂದು ಸಲ ಬರೆದರೆ ಇಲ್ಲೇ ಇರುತ್ತೇನೆ, ಮತ್ತೆ ಕೇಳುವುದಿಲ್ಲ. ಪತ್ರ ತಡವಾದೀತು ಅಂತ ಆಫೀಸಿನ ಮೇಲ್ ವಿಳಾಸ ಕೆಳಗೆ ಬರೆದಿದ್ದೇನೆ. ಯಾರು ಓದಿದರೂ ಓದಲಿ.

ಸಂಘಮಿತ್ರ



ನಜರ್‌ಬಾದ್
೯ ಮಾರ್ಚ್ ೨೦೨೫, ಭಾನುವಾರ

ಸಂಘಾ,

ನಿನ್ನ ಪತ್ರ ಮೊನ್ನೆ ಬಂತು. ಮೆಸೇಜು ಆ ಬುಧವಾರವೇ ಬಂದಿತ್ತು. ಡಿಪೋದಲ್ಲಿ ಟೈರುಗಳ ಮಧ್ಯೆ ಕೂತು ಓದಿದೆ. ಅಕ್ಟೋಬರಿನಿಂದ ನಾನು ಟೈರ್ ಸೆಕ್ಷನ್ನಿನಲ್ಲಿದ್ದೀನಿ. ಅದೂ ನಿನಗೆ ಹೇಳಿರಲಿಲ್ಲ. ಬೀರುವಿನಲ್ಲಿದ್ದ ಒಂದು ಪತ್ರ ಇದರ ಜೊತೆ ಇಟ್ಟಿದ್ದೀನಿ, ಉಳಿದದ್ದು ಅದರಲ್ಲಿದೆ. ಓದಿ ಬೈಯಿ.

ಬರಲ್ಲ ಅಂತ ಗೊತ್ತಿದ್ದೂ ಹದಿನಾರನೇ ತಾರೀಖು ಸ್ಟ್ಯಾಂಡಿಗೆ ಹೋದೆ. ಮನೆಯಲ್ಲಿ ಇರೋಕಾಗಲಿಲ್ಲ, ಹೊಸ ಬಣ್ಣದ ವಾಸನೆ. ಏರ್‌ಪೋರ್ಟ್ ಬಸ್ಸು ನಾಲ್ಕು ಬಂದವು. ಪ್ರತಿಯೊಂದರಲ್ಲೂ ಕೊನೆಯವರು ಇಳಿಯೋವರೆಗೂ ನೋಡಿದೆ. ಮೂರನೇ ಬಸ್ಸಿನ ಡ್ರೈವರ್ ಚೆಲುವರಾಜು ನನ್ನ ನೋಡಿ ಇಳಿದು ಬಂದು ಏನೋ ಕೇಳಿದ. ಯಾರಿಗೆ ಕಾಯ್ತಿದ್ದೀಯ ಅಂತಲೇ ಕೇಳಿರಬೇಕು. ನಾನು ಕೇಳಿಸಿದವನ ಹಾಗೆ ನಕ್ಕೆ. ಅವನೂ ನಕ್ಕು ಹೋದ. ಅಷ್ಟು ದೊಡ್ಡ ಸ್ಟ್ಯಾಂಡು, ಅಷ್ಟು ಜನ, ಯಾರ ಬಾಯಿಂದಲೂ ಒಂದು ಶಬ್ದ ಇಲ್ಲ. ನನಗೆ ಭಯವಾಯ್ತು ಸಂಘಾ. ಇಷ್ಟು ದಿನ ಅದಕ್ಕೆ ಬೇರೆ ಬೇರೆ ಹೆಸರು ಕೊಡ್ತಿದ್ದೆ. ಭಯ ಅದು. ಸಾಯೋವರೆಗೂ ಹೀಗೇ ಒಬ್ಬನೇ ಎಲ್ಲರಿಗೂ ನಗ್ತಾ ಇರಬೇಕಾಗುತ್ತೆ ಅಂತ.

ಅದಾದ ಮೇಲೆ ಕಿವಿಗೆ ಮಿಷನ್ ಹಾಕಿಸಿಕೊಂಡಿದ್ದೀನಿ. ಪಾತ್ರೆ ಬಿದ್ದದ್ದು ಕೇಳುತ್ತೆ, ಮಾತು ಅರ್ಧಂಬರ್ಧ. ನೀನು ಬಂದರೂ ನಿನ್ನ ಮಾತು ಪೂರ್ತಿ ಕೇಳಿಸಲ್ಲ, ಎರಡೆರಡು ಸಲ ಹೇಳಬೇಕಾಗುತ್ತೆ, ನಿನಗೆ ರೇಗುತ್ತೆ. ಅದನ್ನೆಲ್ಲ ಮೊದಲೇ ಬರೆದಿದ್ದೀನಿ. ಆಮೇಲೆ ನನಗೆ ಹೇಳಲಿಲ್ಲ ಅನ್ನಬೇಡ.

ಪತ್ರ ಮೂವತ್ತೊಂದರೊಳಗೆ ತಲುಪುತ್ತೋ ಇಲ್ಲವೋ ಅಂತ ನಿನ್ನೆ ನಮ್ಮ ಆಫೀಸಿನ ಸದಾಶಿವಯ್ಯನೋರ ಹತ್ತಿರ ಹೋಗಿ, ನೀನು ಕೊಟ್ಟ ವಿಳಾಸಕ್ಕೆ ಮೇಲ್ ಹಾಕಿಕೊಡಿ ಅಂದೆ. ಏನು ಬರೀಬೇಕು ಅಂತ ಅವರು ಚೀಟಿ ಮುಂದೆ ತಳ್ಳಿದರು. ನಾನು ‘ಬಾ’ ಅಂತ ಬರೆದುಕೊಟ್ಟೆ. ಅವರು ಸ್ವಲ್ಪ ಹೊತ್ತು ಚೀಟಿ ತಿರುಗಿಸಿ ಮುರುಗಿಸಿ ನೋಡಿ, ಅದರ ಕೆಳಗೆ ‘ಇಷ್ಟೇನಾ?’ ಅಂತ ಬರೆದು ವಾಪಸ್ ಕೊಟ್ಟರು.

‘ಇಷ್ಟೇ ಕಣ್ರೀ ಸದಾಶಿವಯ್ಯನೋರೇ’ ಅಂದೆ. ‘ಇದೊಂದು ಅಕ್ಷರ ಬರೆಯೋಕೆ ನನಗೆ ಎರಡು ವರ್ಷ ಬೇಕಾಯ್ತು.’

ನಿನ್ನ
ಸ್ವಾಮಿ